ಪರಸಿ ಕಲ್ಲಿನ ಅಡಿಯಲ್ಲಿ

ಆಳಂದ ತಾಲ್ಲೂಕಿನ ಜಿಡಗಾದಲ್ಲಿ ಹೊಲದ ಬಾವಿ ತೋಡಿದರೆ ಸಿಗುವುದು ಎರೆಮಣ್ಣು, ಅದರಡಿಗೆ ಕರಿಗಲ್ಲು. ಮನೆಯ ಪಡಸಾಲೆಗೆ ಹಾಸುವ ಪರಸಿ ಮಾತ್ರ ಕಲಬುರಗಿಯ ಆಚೆ, ಶಹಾಬಾದ್ ಕಡೆಯ ಗಣಿಗಳಿಂದ ಬರುತ್ತದೆ. ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ಪರಸಿ ಅದಕ್ಕಿಂತಲೂ ಬಹಳ ಹಳೆಯದು. ನೀರಿನ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣಕಲ್ಲು. ಬಯಲುಸೀಮೆಯ ನಡುವೆ ಅಷ್ಟು ನೀರು ನಿಲ್ಲುವ ತಗ್ಗು ಹೇಗೆ ಬಂತು?

ಜೋಳದ ಹಿಟ್ಟಿನ ಮುದ್ದೆಯನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದು ನೋಡಬೇಕು. ನಡುವೆ ತೆಳುವಾಗಿ, ಅಲ್ಲಲ್ಲಿ ಬಿರಿಯುತ್ತದೆ. ಖಂಡವನ್ನು ಎಳೆದರೂ ಹೀಗೆಯೇ. ಬಿರುಕುಗಳು ಓರೆಯಾಗಿ ಆಳಕ್ಕೆ ಇಳಿಯುತ್ತವೆ. ಒಂದು ಮಗ್ಗುಲಿನ ಬಂಡೆ ಜಾರಿ ಕುಸಿಯುತ್ತದೆ. ಇದಕ್ಕೆ ಸ್ತರಭಂಗ ಎಂದು ಹೆಸರು. ಎಷ್ಟೋ ಕಡೆ ಒಂದೇ ಬದಿ ಹೆಚ್ಚು ಕುಸಿದು, ಕಪಾಟಿನಲ್ಲಿ ವಾಲಿದ ಪುಸ್ತಕಗಳಂತೆ ಬಂಡೆಗಳು ಓರೆಯಾಗಿ ನಿಲ್ಲುತ್ತವೆ. ಸ್ತರಭಂಗದ ಮಗ್ಗುಲಿಗೆ ಆಳ, ಎದುರು ಬದಿಗೆ ಇಳಿಜಾರು: ಹೀಗೊಂದು ಬೋಗುಣಿ ಸಿದ್ಧವಾಗುತ್ತದೆ. ಹೊಳೆಗಳು ಅದಕ್ಕೆ ಹೂಳು ತುಂಬುತ್ತವೆ. ಹೂಳಿನ ಭಾರಕ್ಕೆ ತಳ ಇನ್ನಷ್ಟು ಕುಗ್ಗುತ್ತದೆ.

ಈ ಕೆಲಸ ಪೂರ್ವ ಆಫ್ರಿಕಾದಲ್ಲಿ ಇಂದಿಗೂ ನಡೆದಿದೆ. ಅಲ್ಲಿನ ಟಾಂಗನಿಕಾ ಸರೋವರ ಇಂಥ ಬೋಗುಣಿಯಲ್ಲೇ ನಿಂತಿದೆ. ಆಳ ಸುಮಾರು 1,470 ಮೀಟರ್. ಇಥಿಯೋಪಿಯಾದ ಅಫಾರ್‌ನಲ್ಲಿ 2005ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ನೆಲ ಬೇರ್ಪಟ್ಟಿತು. ಕೆಲವೆಡೆ 8 ಮೀಟರ್‌ವರೆಗೂ ಸರಿಯಿತು. ಸೀಳು ಬೆಳೆಯುತ್ತ ಹೋದರೆ ಕಡಲು ಒಳನುಗ್ಗುತ್ತದೆ. ನಮ್ಮ ಪಡುವಣ ಕರಾವಳಿ ಹುಟ್ಟಿದ್ದೂ ಹೀಗೆಯೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಕಳಚಿಕೊಂಡಿತು. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಅಗಲಿಕೆಯ ಕಾಲದವು.

ಆದರೆ ಪ್ರತಿ ಬೋಗುಣಿಯೂ ಮಹಾಸಾಗರವಾಗುವುದಿಲ್ಲ. ಪರಸಿ ಹುಟ್ಟಿದ ಭೀಮಾ ಬೋಗುಣಿ ಖಂಡದ ಒಳಗೇ ತುಂಬಿ ನಿಂತುಹೋಯಿತು. ಅದರ ಅಂಚಿನ ಸ್ತರಭಂಗಗಳು ಈಗಲೂ ಗುರುತಿಗೆ ಸಿಗುತ್ತವೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಅಂಥ ಬಿರುಕಿನ ಗುಂಟ ಗ್ರಾನೈಟ್ ಮತ್ತು ಸುಣ್ಣಕಲ್ಲು ಒಂದಕ್ಕೊಂದು ತಾಗಿ ನಿಂತಿವೆ. ಅಲ್ಲೇ ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಉತ್ತರ ಮತ್ತು ಪಶ್ಚಿಮಕ್ಕೆ ಹೋದಂತೆ ಸುಣ್ಣಕಲ್ಲು ಲಾವಾದ ಹೊದಿಕೆಯಡಿ ಮರೆಯಾಗುತ್ತದೆ. ಆ ಹೊದಿಕೆಯ ಕೆಳಗೆ ಎಲ್ಲೆಲ್ಲಿ ಹಳೆಯ ಬಿರುಕುಗಳಿವೆ ಎಂಬುದು ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ.

ಕಾಣದ ಬಿರುಕಿನ ಬೆಲೆ ಏನೆಂಬುದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ತಿಳಿಯಿತು. ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಆಳಂದದಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ಅರವತ್ತು ಕಿ.ಮೀ.ಯೊಳಗಿರುವ ಕಿಲ್ಲಾರಿಯಲ್ಲಿ 6.2 ಪ್ರಮಾಣದ ಭೂಕಂಪ ಸಂಭವಿಸಿ ಸುಮಾರು ಹತ್ತು ಸಾವಿರ ಮಂದಿ ತೀರಿಕೊಂಡರು. ಅಲ್ಲಿ ಭೂಫಲಕದ ಅಂಚಿಲ್ಲ, ಸೀಳು ಕಣಿವೆಯೂ ಇಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡಕ್ಕೆ ಒಳನಾಡಿನ ದುರ್ಬಲ ಬಿರುಕೂ ಒಮ್ಮೆ ಮಿಸುಕಬಹುದು. ಎಳೆತಕ್ಕೆ ಬಂಡೆ ಕೆಳಗೆ ಜಾರಿದರೆ, ಕಿಲ್ಲಾರಿಯಲ್ಲಿ ಒತ್ತಡಕ್ಕೆ ಮೇಲಕ್ಕೆ ಏರಿತು. ಅನಂತರ ಅಲ್ಲಿ ಕೊರೆದ ಬಾವಿಯಲ್ಲಿ ಲಾವಾ ದಾಟಲಿಕ್ಕೇ ಸುಮಾರು 340 ಮೀಟರ್ ಇಳಿಯಬೇಕಾಯಿತು.

ಪರೀಕ್ಷೆಗೆ ಓದುವ ಮಕ್ಕಳು ‘ದಖ್ಖನ್ ಪ್ರಸ್ಥಭೂಮಿ ಸ್ಥಿರ ಭೂಭಾಗ’ ಎಂಬ ವಾಕ್ಯವನ್ನು ಕಂಠಪಾಠ ಮಾಡುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ಣ ನಿಜವೂ ಅಲ್ಲ. ಭೂಕಂಪದ ದಿನವನ್ನು ಯಾರೂ ಮೊದಲೇ ಹೇಳಲಾರರು. ಗೋಡೆ ಕಟ್ಟುವ ಬಗೆಯನ್ನು ಮಾತ್ರ ಹೇಳಬಲ್ಲರು. ಕಿಲ್ಲಾರಿಯಲ್ಲಿ ಹೆಚ್ಚಿನ ಸಾವು ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಾಳಿಗೆಯ ಕೆಳಗೆ ಆದದ್ದು. ಗೋಡೆಯ ಎರಡು ಮುಖಗಳನ್ನು ಬಿಗಿಯುವ ಉದ್ದ ಕಲ್ಲುಗಳು, ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಹಾಯುವ ಒಂದು ಕಾಂಕ್ರೀಟ್ ಪಟ್ಟಿ, ಹಗುರ ಛಾವಣಿ: ಮನೆ ಕಟ್ಟಿಸುವ ತಂದೆತಾಯಿ ಗೌಂಡಿಯನ್ನು ಕೇಳಬೇಕಾದದ್ದು ಇಷ್ಟನ್ನು.