ಕಳೆದುಹೋದ ಎಲುಬು

ಪ್ರೇಕ್ಷಕನನ್ನು ಅಳಿಸುವುದಕ್ಕೆ ಒಂದು ಸಾವು ಸಾಕು. ನಗಿಸುವುದಕ್ಕೆ ಎಷ್ಟು ಸಾಮಗ್ರಿಯನ್ನು ಕೂಡಿಸಿದರೂ ಕೆಲವೊಮ್ಮೆ ಸಾಲದೆ ಹೋಗುತ್ತದೆ. 1937ರಲ್ಲಿ ಹಾಲಿವುಡ್ಡಿನ ಆರ್. ಕೆ. ಓ. ಸಂಸ್ಥೆ ಒಂದು ವಿನೋದಚಿತ್ರಕ್ಕಾಗಿ ಕೂಡಿಸಿದ ಸಾಮಗ್ರಿ ಇಷ್ಟು: ಒಬ್ಬ ಪಂಡಿತ, ಒಬ್ಬಳು ತರುಣಿ, ಒಂದು ನಾಯಿ, ಒಂದು ಚಿರತೆ ಮತ್ತು ಒಂದು ಎಲುಬು. ಹೋವರ್ಡ್ ಹಾಕ್ಸ್ ನಿರ್ದೇಶಿಸಿದ ಆ ಚಿತ್ರ ‘ಬ್ರಿಂಗಿಂಗ್ ಅಪ್ ಬೇಬಿ’ ಎಂಬ ಹೆಸರಿನಿಂದ 1938ರ ಫೆಬ್ರವರಿಯಲ್ಲಿ ತೆರೆಗೆ ಬಂದಿತು. ಹೇಗರ್ ವೈಲ್ಡ್ ಎಂಬ ಲೇಖಕಿ ‘ಕೊಲಿಯರ್ಸ್’ ವಾರಪತ್ರಿಕೆಗೆ ಬರೆದ ಒಂದು ಸಣ್ಣ ಕಥೆಯೇ ಇದರ ಮೂಲ. ವಾರಪತ್ರಿಕೆಯ ಕಥೆಗಳನ್ನು ಓದಿ ಎಸೆಯತಕ್ಕವುಗಳೆಂದು ಭಾವಿಸುವ ಮಹನೀಯರು ಈ ಸಂಗತಿಯನ್ನು ಗಮನಿಸಬೇಕು.

ಈ ಬಗೆಯ ಚಿತ್ರಗಳಿಗೆ ಅಮೆರಿಕದವರು ‘ಸ್ಕ್ರೂಬಾಲ್’ ಎಂದು ಹೆಸರಿಟ್ಟಿದ್ದಾರೆ. ಅವರ ಬೇಸ್‌ಬಾಲ್ ಆಟದಲ್ಲಿ, ಸಾಧಾರಣವಾಗಿ ಚೆಂಡು ತಿರುಗುವ ದಿಕ್ಕಿಗೆ ತಿರುಗದೆ ಅದರ ವಿರುದ್ಧ ದಿಕ್ಕಿಗೆ ಬಾಗುವ ಎಸೆತಕ್ಕೆ ಆ ಹೆಸರು. ತಿಕ್ಕಲು ಸ್ವಭಾವದವರನ್ನೂ ಹಾಗೆಂದೇ ಕರೆಯುವ ರೂಢಿಯುಂಟು. 1934ರಲ್ಲಿ ಫ್ರಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಗೆದ್ದ ಬಳಿಕ ಇಂತಹ ಚಿತ್ರಗಳ ಸುಗ್ಗಿಯೇ ಆಯಿತು. ಅದೇ ವರ್ಷ ಚಿತ್ರೋದ್ಯಮದ ನೀತಿಸಂಹಿತೆಯೂ ಬಿಗಿಯಾಗಿ ಜಾರಿಗೆ ಬಂದಿತು. ಪ್ರಣಯವನ್ನು ಮನಬಂದಂತೆ ತೋರಿಸುವ ದಾರಿ ಮುಚ್ಚಿದ ಮೇಲೆ ತೆರೆಯ ಪ್ರೇಮಿಗಳು ಜಗಳವಾಡತೊಡಗಿದರು. ಮುತ್ತಿನ ಕೆಲಸವನ್ನು ಮಾತೇ ಮಾಡಬೇಕಾಯಿತು.

ಕೇರಿ ಗ್ರಾಂಟ್ ಅಭಿನಯಿಸಿದ ಡಾಕ್ಟರ್ ಡೇವಿಡ್ ಹಕ್ಸ್‌ಲೀ ವಸ್ತುಸಂಗ್ರಹಾಲಯದಲ್ಲಿ ಕೆಲಸಮಾಡುವ ವಿದ್ವಾಂಸ. ನಾಲ್ಕು ವರ್ಷಗಳಿಂದ ಬ್ರಾಂಟೋಸಾರಸ್ ಎಂಬ ಪ್ರಾಚೀನ ಮಹಾಕಾಯದ ಅಸ್ಥಿಪಂಜರವನ್ನು ಜೋಡಿಸುತ್ತಿದ್ದಾನೆ. ಕೊರತೆಯಾಗಿರುವುದು ಒಂದೇ ಎಲುಬು. ಅದೂ ಸಿಕ್ಕಿತೆಂದು ತಂತಿ ಬಂದಿದೆ. ಮರುದಿನ ಅವನ ಮದುವೆ. ವಧು ಆಲಿಸ್ ಸ್ವಾಲೋ ಶಿಸ್ತಿನ ಮೂರ್ತಿ. ಮಧುಚಂದ್ರ ಬೇಡ, ಮದುವೆಯಾದೊಡನೆ ಕೆಲಸಕ್ಕೆ ಮರಳಬೇಕು ಎಂಬುದು ಅವಳ ಅಪ್ಪಣೆ. ಆ ಎಲುಬಿನ ಗೂಡನ್ನು ತೋರಿಸಿ, ಇದೇ ನಮ್ಮ ಮಗು ಎಂದೂ ಹೇಳುತ್ತಾಳೆ. ಪಾಪ, ಡೇವಿಡ್ ಒಪ್ಪಿಕೊಳ್ಳುತ್ತಾನೆ!

ಇಂತಹ ಬಾಳಿಗೆ ಕ್ಯಾಥರೀನ್ ಹೆಪ್‌ಬರ್ನ್ ಅಭಿನಯಿಸಿದ ಸೂಸನ್ ಬಿರುಗಾಳಿಯಂತೆ ನುಗ್ಗುತ್ತಾಳೆ. ಗಾಲ್ಫ್ ಮೈದಾನದಲ್ಲಿ ಅವನ ಚೆಂಡನ್ನು ತನ್ನದೆಂದು ಹೊಡೆಯುತ್ತಾಳೆ. ಅವನ ಕಾರನ್ನು ತನ್ನದೆಂದು ಓಡಿಸಿಕೊಂಡು ಹೋಗುತ್ತಾಳೆ. ಬ್ರೆಜಿಲಿನಿಂದ ಅವಳ ಅಣ್ಣ ಕಳುಹಿಸಿದ ‘ಬೇಬಿ’ ಎಂಬ ಸಾಕಿದ ಚಿರತೆಯನ್ನು ಸಾಗಿಸುವುದಕ್ಕೆ ಅವನನ್ನು ಎಳೆದೊಯ್ಯುತ್ತಾಳೆ. ಅವನು ಊರಿಗೆ ಹಿಂದಿರುಗದಿರಲೆಂದು, ಸ್ನಾನಕ್ಕೆ ಹೋದಾಗ ಅವನ ಬಟ್ಟೆಗಳನ್ನು ಒಗೆಯಲು ಕಳುಹಿಸಿಬಿಡುತ್ತಾಳೆ. ಮನೆಯ ನಾಯಿ ಜಾರ್ಜ್, ಕೈಗೆ ಬಂದಿದ್ದ ಆ ಅಮೂಲ್ಯ ಎಲುಬನ್ನು ಕಚ್ಚಿಕೊಂಡು ಹೋಗಿ ತೋಟದಲ್ಲೆಲ್ಲೋ ಹೂಳುತ್ತದೆ. ಅನಂತರ ಸರ್ಕಸ್ಸಿನ ಕ್ರೂರ ಚಿರತೆಯೊಂದು ಬಂಧನದಿಂದ ಹೊರಬೀಳುತ್ತದೆ. ಒಬ್ಬೊಬ್ಬರಾಗಿ ಎಲ್ಲರೂ ಪೋಲೀಸು ಠಾಣೆಯ ಅತಿಥಿಗಳಾಗುತ್ತಾರೆ. ಸಾಧುವಾದ ಚಿರತೆ, ಕ್ರೂರವಾದ ಚಿರತೆ ಎರಡೂ ನಿಸ್ಸಾ ಎಂಬ ಒಂದೇ ಪ್ರಾಣಿಯ ದ್ವಿಪಾತ್ರಾಭಿನಯ. ಗ್ರಾಂಟ್ ಅದಕ್ಕೆ ಅಂಜಿ ದೂರವಿರುತ್ತಿದ್ದರು; ಹೆಪ್‌ಬರ್ನ್ ಅಂಜಲಿಲ್ಲ.

ಮೊದಲ ಬಾರಿ ಚಿತ್ರವನ್ನು ನೋಡುವವನು ಅರ್ಧಗಂಟೆಯೊಳಗೆ ಚಡಪಡಿಸುವುದೂ ಉಂಟು. ಈ ಹುಡುಗಿ ಒಂದು ಕ್ಷಣವಾದರೂ ಬಾಯಿ ಮುಚ್ಚಬಾರದೇ ಎನಿಸುತ್ತದೆ. ಒಬ್ಬರ ಮಾತು ಮುಗಿಯುವ ಮುನ್ನವೇ ಇನ್ನೊಬ್ಬರ ಮಾತು ಅದರ ಮೇಲೇರಿ ಬರುತ್ತದೆ. ಹಾಕ್ಸ್ ಅವರೇ ಮುಂದೆ, ಚಿತ್ರದಲ್ಲಿ ಎಲ್ಲರೂ ತಿಕ್ಕಲರಾಗಿರುವುದೇ ದೋಷವೆಂದು ಒಪ್ಪಿಕೊಂಡರು. ಸರಿಯಾದವರು ಒಬ್ಬರಾದರೂ ಇದ್ದಿದ್ದರೆ ಹುಚ್ಚಿಗೆ ಅಳತೆಗೋಲು ದೊರೆಯುತ್ತಿತ್ತು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಆ ಅಳತೆಗೋಲು ಡೇವಿಡ್ಡನ ಕನ್ನಡಕದ ಹಿಂದೆಯೇ ಅಡಗಿದೆ. ಚಿರತೆ ಕಾಲಿಗೆ ಮೈ ಉಜ್ಜುತ್ತಿರುವಾಗಲೂ ಅವನಿಗೆ ಎಲುಬಿನದೇ ಚಿಂತೆ. ಆ ಚಿಂತೆ ಅಷ್ಟು ನಿಜವಾದುದರಿಂದಲೇ ನಗು ಬರುತ್ತದೆ.

ಈ ಗುಟ್ಟು ಹೆಪ್‌ಬರ್ನ್ ಅವರಿಗೂ ಮೊದಲು ತಿಳಿದಿರಲಿಲ್ಲ. ಗಂಭೀರ ಪಾತ್ರಗಳಲ್ಲಿ ಪಳಗಿದ ಅವರು, ನಗಿಸಬೇಕೆಂಬ ಹಟದಿಂದ ಅಭಿನಯಿಸತೊಡಗಿದಾಗ ನಗು ದೂರ ಸರಿಯಿತು. ಹಾಕ್ಸ್ ಹಳೆಯ ರಂಗನಟ ವಾಲ್ಟರ್ ಕ್ಯಾಟ್ಲೆಟ್ ಅವರ ನೆರವು ಕೋರಿದರು. ಕ್ಯಾಟ್ಲೆಟ್ ಅವರು ಹೆಪ್‌ಬರ್ನ್ ಮಾಡಬೇಕಾದ ದೃಶ್ಯವನ್ನು ತಾವೇ ಅತ್ಯಂತ ಗಂಭೀರವಾಗಿ ಅಭಿನಯಿಸಿ ತೋರಿಸಿದರು. ಹೆಪ್‌ಬರ್ನ್ ಅವರಿಗೆ ಪಾಠ ಹಿಡಿಯಿತು. ಆ ಗುರುವಿಗೂ ಚಿತ್ರದಲ್ಲಿ ಒಂದು ಪಾತ್ರ ಕೊಡಬೇಕೆಂದು ಪಟ್ಟುಹಿಡಿದರು. ಠಾಣೆಯಲ್ಲಿ ಎಲ್ಲರನ್ನೂ ಸಂಶಯದಿಂದ ನೋಡುವ ಕಾನ್‌ಸ್ಟೇಬಲ್ ಸ್ಲೋಕಮ್ ಅವರೇ.

ಇಷ್ಟಾದರೂ ಚಿತ್ರ ಸೋತಿತು. ಚಿತ್ರೀಕರಣ ನಿಗದಿಗಿಂತ 40 ದಿನ ಹೆಚ್ಚು ಹಿಡಿದಿತ್ತು. ಹತ್ತು ಲಕ್ಷ ಡಾಲರಿಗೂ ಮಿಕ್ಕು ವೆಚ್ಚವಾಗಿತ್ತು. ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಒಂದೇ ವಾರದಲ್ಲಿ ಅದನ್ನು ತೆಗೆದುಹಾಕಿತು. ಅದೇ ವರ್ಷ ಚಿತ್ರಮಂದಿರಗಳ ಮಾಲೀಕರ ಸಂಘವೊಂದು ಪ್ರಕಟಿಸಿದ ಜಾಹೀರಾತಿನಲ್ಲಿ, ಗಲ್ಲಾಪೆಟ್ಟಿಗೆಗೆ ವಿಷವಾದ ತಾರೆಗಳ ಪಟ್ಟಿಯಲ್ಲಿ ಹೆಪ್‌ಬರ್ನ್ ಅವರ ಹೆಸರೂ ಸೇರಿತು. ಅವರು ಹಣ ತೆತ್ತು ಆರ್. ಕೆ. ಓ. ಸಂಸ್ಥೆಯ ಕರಾರಿನಿಂದ ಬಿಡಿಸಿಕೊಂಡರು. ‘ವಿಷ’ವೆನಿಸಿಕೊಂಡ ಆಕೆ ಜೀವಿತದಲ್ಲಿ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಪಡೆದರು. ಸೋತ ಚಿತ್ರವೂ ಟೆಲಿವಿಷನ್ನಿನ ಮೂಲಕ ಹೊಸ ತಲೆಮಾರಿನವರನ್ನು ನಗಿಸಿ, 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯಲ್ಲಿ ಸ್ಥಾನ ಗಳಿಸಿತು.

ಇದೇ ಬಗೆಯ ಅದೃಷ್ಟ ಚಿತ್ರದೊಳಗಿನ ಅಸ್ಥಿಪಂಜರದ್ದೂ ಆಗಿದೆ. ‘ಬ್ರಾಂಟೋಸಾರಸ್’ ಬೇರೆ ಪ್ರಾಣಿಯಲ್ಲ, ಮೊದಲೇ ಹೆಸರು ಪಡೆದಿದ್ದ ‘ಅಪಾಟೋಸಾರಸ್’ ಕುಲಕ್ಕೇ ಸೇರಿದ್ದು ಎಂದು 1903ರಲ್ಲಿಯೇ ಒಬ್ಬ ವಿಜ್ಞಾನಿ ತೀರ್ಮಾನಿಸಿದ್ದರು. ಹೀಗೆ ಡೇವಿಡ್ ಜೋಡಿಸುತ್ತಿದ್ದುದು ವಿಜ್ಞಾನ ಹೆಸರನ್ನೇ ಕಿತ್ತುಕೊಂಡಿದ್ದ ಪ್ರಾಣಿಯನ್ನು! 2015ರಲ್ಲಿ ನಡೆದ ವಿವರವಾದ ಅಧ್ಯಯನವೊಂದು ಆ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಿತು. ಆದರೆ ಅವನು ಹಗಲಿರುಳು ಹುಡುಕಿದ ‘ಇಂಟರ್‌ಕಾಸ್ಟಲ್ ಕ್ಲಾವಿಕಲ್’ಗೆ ಆ ಭಾಗ್ಯವೂ ಇಲ್ಲ. ಕ್ಲಾವಿಕಲ್ ಎಂದರೆ ಕೊರಳೆಲುಬು. ಇಂಟರ್‌ಕಾಸ್ಟಲ್ ಎಂದರೆ ಪಕ್ಕೆಲುಬುಗಳ ನಡುವಣದು. ಎರಡೂ ಕೂಡಿದ ಎಲುಬು ಯಾವ ಪ್ರಾಣಿಯ ಮೈಯಲ್ಲಿಯೂ ಇಲ್ಲ.

ಕೊನೆಯ ದೃಶ್ಯದಲ್ಲಿ ಸೂಸನ್ ಆ ಎಲುಬನ್ನು ಹುಡುಕಿ ತಂದುಕೊಡುತ್ತಾಳೆ. ಸಂಗ್ರಹಾಲಯಕ್ಕೆ ಬೇಕಾಗಿದ್ದ ಹತ್ತು ಲಕ್ಷ ಡಾಲರುಗಳೂ ಒದಗಿವೆ. ಆಲಿಸ್ ಅವನನ್ನು ತೊರೆದು ಹೋಗಿದ್ದಾಳೆ. ಅವಳೊಡನೆ ಕಳೆದ ದಿನದಷ್ಟು ಸಂತೋಷದ ದಿನವನ್ನು ತಾನು ಕಂಡಿರಲಿಲ್ಲವೆಂದು ಡೇವಿಡ್ ಒಪ್ಪಿಕೊಳ್ಳುತ್ತಾನೆ. ಎತ್ತರದ ಏಣಿಯ ಮೇಲಿದ್ದ ಸೂಸನ್ ಹಿಗ್ಗಿನಿಂದ ತೂಗಾಡಿ, ಏಣಿ ಜಾರಿ, ಅಸ್ಥಿಪಂಜರದ ಮೇಲೆ ಹತ್ತುತ್ತಾಳೆ. ಡೇವಿಡ್ ಅವಳ ಕೈಯನ್ನು ಹಿಡಿದೆತ್ತುತ್ತಾನೆ. ಕೆಳಗೆ ನಾಲ್ಕು ವರ್ಷಗಳ ದುಡಿಮೆ ಕುಸಿದು ರಾಶಿಯಾಗುತ್ತದೆ.

ಇಪ್ಪತ್ತರ ಹರೆಯದವನಿಗೆ ಇಲ್ಲಿ ನಗುವಿನ ಹೊರತು ಬೇರೇನೂ ಕಾಣಿಸದು. ಐವತ್ತು ದಾಟಿದ ಪ್ರೇಕ್ಷಕನ ನಗು ಮಾತ್ರ ಗಂಟಲಲ್ಲಿ ಒಮ್ಮೆ ನಿಂತು ಬರುತ್ತದೆ. ಕಡತವೋ ಗದ್ದೆಯೋ ನಿಘಂಟೋ, ಒಂದೊಂದೇ ಎಲುಬಾಗಿ ಜೋಡಿಸಿದ ಗೂಡು ಅವನಿಗೂ ಇರುತ್ತದೆ. ಅದು ಕುಸಿದರೆ ಗತಿಯೇನು ಎಂದು ಎದೆ ಹಾರುತ್ತದೆ. ಹಾಕ್ಸ್ ಗೂಡನ್ನು ಮತ್ತೆ ಜೋಡಿಸಿ ತೋರಿಸುವುದಿಲ್ಲ. ನಷ್ಟ ನಷ್ಟವಾಗಿಯೇ ಉಳಿಯುತ್ತದೆ. ಆ ಪ್ರಾಮಾಣಿಕತೆಯೇ ಈ ಹುಚ್ಚು ಚಿತ್ರದ ಬೆಲೆ. ಡೇವಿಡ್ ಒಮ್ಮೆ ಕೆಳಗೆ ನೋಡಿ, ಅಯ್ಯೋ ಎಂದು ಉಸುರಿ, ಅವಳನ್ನು ತೋಳಿನಲ್ಲಿ ಬಳಸಿಕೊಳ್ಳುತ್ತಾನೆ. ಗೂಡು ಕಟ್ಟುತ್ತಿದ್ದ ನಾಲ್ಕು ವರ್ಷಗಳಲ್ಲಿ ಎಂದೂ ಇಷ್ಟು ಬಿಗಿಯಾಗಿ ಏನನ್ನೂ ಹಿಡಿದಿರದ ಕೈಗಳು ಅವು.