ಹಳೇ ಮಾಡೆಲ್ಲೋ ಹೊಸ ಮಾಡೆಲ್ಲೋ: ಒಂದು ಬೆಳೆ ಗೂಡಿನ ದುಡ್ಡಿನ ಲೆಕ್ಕ

ಈ ಸಲ ಬರೀತಿರೋದು ಸೊಪ್ಪು, ಹುಳುವಿನ ವಿಷಯ ಅಲ್ಲ. ಆದ್ರೆ ಹುಳು ಮೇಯಿಸಿ ಬಂದ ದುಡ್ಡಿನ ವಿಷಯ. ಮಕ್ಕಳು ಕಾಲೇಜಿಗೆ ಹೋಗ್ತಿರೋ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಕಳೆದ ವರ್ಷ, 2025ರ ದಸರಾ ಹೊತ್ತಿಗೆ, 200 ಮೊಟ್ಟೆ ಬೈವೋಲ್ಟಿನ್ ಮೇಯಿಸಿದ್ವಿ. 148 ಕೆ.ಜಿ. ಗೂಡು ಆಯ್ತು. ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ ಕೆ.ಜಿ.ಗೆ 610 ರೂಪಾಯಿ ಬಿತ್ತು. ಚಾಕಿ, ಕೂಲಿ, ಗೊಬ್ಬರ ಎಲ್ಲಾ ಕಳೆದು ಕೈಯಲ್ಲಿ ಉಳಿದಿದ್ದು 55 ಸಾವಿರ. ಆ ದುಡ್ಡಿಗೆ ಎರಡು ಕೆಲಸ ಕಾಯ್ತಾ ಇದ್ವು. ಒಂದು, ಅರ್ಧ ಎಕರೆ ಹಿಪ್ಪುನೇರಳೆಗೆ ಡ್ರಿಪ್ ಲ್ಯಾಟರಲ್ ಬದಲಾಯಿಸೋದು. ಬೋರ್‌ವೆಲ್ ನೀರಿನ ಉಪ್ಪು ಕಟ್ಕೊಂಡು ತೂತುಗಳೆಲ್ಲಾ ಮುಚ್ಚಿ, ಸಾಲಿನ ಕೊನೆ ಗಿಡಗಳು ಒಣಗ್ತಾ ಇದ್ವು. ಇನ್ನೊಂದು, ಇಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದ ಮಗಳಿಗೆ ಲ್ಯಾಪ್‌ಟಾಪ್.

ದೀಪಾವಳಿಗೆ ಮುಂಚೆ ಅವಳನ್ನ ಕರ್ಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ಅಂಗಡಿ ಹುಡುಗ ಮೂರು ತೋರಿಸಿದ. ಒಂದು ಹೊಸ ಮಾಡೆಲ್, 16 ಜಿ.ಬಿ. ರ‍್ಯಾಮ್, 54,500. ಇನ್ನೊಂದು ಹಿಂದಿನ ಮಾಡೆಲ್, ಪೆಟ್ಟಿಗೆ ಒಡೆಯದ ಹಳೇ ಸ್ಟಾಕು, 8 ಜಿ.ಬಿ., 38,500. ಮೂರನೇದು ಬಳಸಿ ರಿಪೇರಿ ಮಾಡಿದ್ದು, 24 ಸಾವಿರ. ಎರಡನೇದರ ಮೇಲೆ ಎಂ.ಆರ್.ಪಿ. 62 ಸಾವಿರ ಅಂತ ಇತ್ತು. "ಹತ್ತಿರ ಹತ್ತಿರ ಶೇ. 38 ಡಿಸ್ಕೌಂಟ್ ಅಂಕಲ್" ಅಂದ.

ನಾನು ಮಾರುಕಟ್ಟೆಯಲ್ಲಿ ಕೇಳೋ ಹಾಗೆ ಕೇಳಿದೆ, "ಆರು ತಿಂಗಳ ಹಿಂದೆ ಇದನ್ನ ಎಷ್ಟಕ್ಕೆ ಕೊಡ್ತಿದ್ದೆ ಹೇಳಪ್ಪಾ?" ಸ್ವಲ್ಪ ತಡವರಿಸಿ "42" ಅಂದ. ಅಂದ್ರೆ ನಿಜವಾಗಿ ಇಳಿದಿರೋದು 3,500 ಮಾತ್ರ. ಎಂ.ಆರ್.ಪಿ. ಅನ್ನೋದು ಅದಕ್ಕಿಂತ ಜಾಸ್ತಿ ತಗೋಬಾರದು ಅನ್ನೋ ಗಡಿ ಅಷ್ಟೇ, ಯಾರೂ ಕೊಟ್ಟ ಬೆಲೆ ಅಲ್ಲ.

ಮಗಳು ತಕ್ಷಣ "ಹಳೇದೇ ಸಾಕು ಅಪ್ಪ" ಅಂದ್ಲು. ಅವಳು ಅಷ್ಟು ಬೇಗ ಹೇಳಿದ್ದೇ ನನಗೆ ಹಿಡಿಸಲಿಲ್ಲ. ಡ್ರಿಪ್ ವಿಷಯ ಅವಳಿಗೆ ಗೊತ್ತಿತ್ತು. ಏನೂ ತಗೊಳ್ಳದೆ ಈಚೆ ಬಂದ್ವಿ. ಟೀ ಕುಡೀತಾ ಹೇಳಿದೆ, "ನನ್ನ ಜೇಬು ನೋಡಿ ಆರಿಸಬೇಡಮ್ಮ. ನಿನ್ನ ಕೆಲಸಕ್ಕೆ ಯಾವುದು ಬೇಕೋ ಅದನ್ನ ಹೇಳು." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜವಾಗ್ಲೂ ನನಗೂ ಗೊತ್ತಿಲ್ಲ ಅಪ್ಪ, ವಿಚಾರಿಸಿ ಹೇಳ್ತೀನಿ" ಅಂದ್ಲು.

ನನಗೆ ಹೆದರಿಕೆ ಇದ್ದಿದ್ದು ಯಾಕೆ ಅಂದ್ರೆ, ಹಿಂದೆ ಒಂದು ಸಲ ಹಳೇದನ್ನೇ ಹಿಡ್ಕೊಂಡು ಪೆಟ್ಟು ತಿಂದಿದ್ದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ವಿ-1 ತಳಿ ನಮ್ಮ ಕಡೆ ಹಬ್ಬಿದಾಗ, ಎಲ್ಲರೂ ಎಂ-5 ಕಿತ್ತು ಅದನ್ನ ನೆಟ್ಟರು. ನಾನು ಇರೋ ತೋಟ ಯಾಕೆ ಕೀಳಬೇಕು, ಖರ್ಚು ಯಾರು ಕೊಡ್ತಾರೆ ಅಂತ ಆರು ವರ್ಷ ತಳ್ಳಿದೆ. ಕೊನೆಗೆ ನೆಟ್ಟಾಗ ಅದೇ ನೀರಿಗೆ ಒಂದೂವರೆ ಪಟ್ಟು ಸೊಪ್ಪು ಬಂತು. ಆರು ವರ್ಷದ ಸೊಪ್ಪು ನನ್ನ ಜಿಪುಣತನಕ್ಕೆ ಹೋಯ್ತು. ಮಗಳ ಓದಿನಲ್ಲೂ ಹಾಗೇ ಆಗಬಾರದು ಅನ್ನೋದು ನನ್ನ ಚಿಂತೆ.

ಮೂರು ದಿನ ಬಿಟ್ಟು ಅವಳು ನೋಟ್‌ಬುಕ್ಕಲ್ಲಿ ಬರ್ಕೊಂಡು ಬಂದ್ಲು. ಹಳೇ ಸ್ಟಾಕಿನ ಪ್ರೊಸೆಸರ್ ಇಂಟೆಲ್ ಐ5-1235ಯು. ಇದು 2022ರದ್ದು. ಅದರಲ್ಲಿ 1ರ ಪಕ್ಕದ 2 ಸೇರಿಸಿ ಓದಿದರೆ 12ನೇ ತಲೆಮಾರು. ಹೊಸದರಲ್ಲಿ ಇರೋದು ಕೋರ್ 5 120ಯು, 2024ರಲ್ಲಿ ಬಂದಿದ್ದು. 'ಐ' ಅಕ್ಷರ ತೆಗೆದು ಹೆಸರೇ ಬದಲಾಯಿಸಿದ್ದಾರೆ. ಆದ್ರೆ ಎರಡರಲ್ಲೂ 10 ಕೋರ್, ಎರಡರಲ್ಲೂ 12 ಎಂ.ಬಿ. ಕ್ಯಾಶ್. ಗರಿಷ್ಠ ವೇಗ ಮಾತ್ರ 4.4ರಿಂದ 5 ಗಿಗಾಹರ್ಟ್ಸ್‌ಗೆ ಏರಿದೆ. ಟ್ರ್ಯಾಕ್ಟರಿಗೆ ಹೊಸ ಬಾನೆಟ್ಟು, ಹೊಸ ಸ್ಟಿಕ್ಕರ್ ಹಾಕಿ ಇಂಜಿನ್ ಸ್ವಲ್ಪ ಟ್ಯೂನ್ ಮಾಡಿ ಬಿಟ್ಟ ಹಾಗೆ. ಎಂ-5ಗೂ ವಿ-1ಗೂ ಇದ್ದಂಥ ವ್ಯತ್ಯಾಸ ಅಲ್ಲ ಇದು.

24 ಸಾವಿರದ್ದು ಮಾತ್ರ ಬೇರೆ ಕಥೆ. ಅದು 7ನೇ ತಲೆಮಾರು, ವಿಂಡೋಸ್ 10. ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ, ನಾವು ಅಂಗಡಿಗೆ ಹೋದ ಅದೇ ವಾರ! ವಿಂಡೋಸ್ 11 ಹಾಕೋಣ ಅಂದ್ರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮೇಲಿನದು ಬೇಕು. ಇದು ಹಳೇದು ಅಲ್ಲ, ಅವಧಿ ಮುಗಿದ ಬಿತ್ತನೆ ಬೀಜ. ಪೊಟ್ಟಣ ಚೆನ್ನಾಗಿದ್ರೆ ಏನು ಬಂತು?

ಕಾಲೇಜಿನ ಲ್ಯಾಬ್ ಮೇಷ್ಟ್ರು ಅವಳಿಗೆ ಹೇಳಿದ್ದು ಇಷ್ಟು: ಸಿ, ಪೈಥಾನ್, ರೆಕಾರ್ಡ್ ಬರೆಯೋದಕ್ಕೆ ಎರಡೂ ನಡೆಯುತ್ತೆ. ಮುಂದೆ ದೊಡ್ಡ ಲೆಕ್ಕದ ಕೆಲಸ ಬಂದ್ರೆ ಕಾಲೇಜ್ ಲ್ಯಾಬ್ ಇದೆ, ಗೂಗಲ್ ಕೊಲ್ಯಾಬ್ ಥರದ್ದು ಇದೆ. ಆದ್ರೆ 8 ಜಿ.ಬಿ. ರ‍್ಯಾಮ್ ನಾಲ್ಕು ವರ್ಷಕ್ಕೆ ಸಾಲಲ್ಲ, 16 ಮಾಡಿಸಿ. ಕೆಲವು ಲ್ಯಾಪ್‌ಟಾಪಲ್ಲಿ ರ‍್ಯಾಮನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಸೇರಿಸೋಕೆ ಆಗಲ್ಲ. ಖಾಲಿ ಸ್ಲಾಟ್ ಇದೆಯಾ ಕೇಳಿ.

ವಾಪಸ್ ಹೋಗಿ ಕೇಳಿದ್ವಿ. ಒಂದು ಸ್ಲಾಟ್ ಖಾಲಿ ಇತ್ತು. 2,500 ಕೊಟ್ಟು ಅಲ್ಲೇ ಇನ್ನೊಂದು 8 ಜಿ.ಬಿ. ಹಾಕಿಸಿದ್ವಿ. ಒಟ್ಟು 41 ಸಾವಿರ. ಉಳಿದ 14 ಸಾವಿರದಲ್ಲಿ ಲ್ಯಾಟರಲ್ ಬಂತು. ಸೆಪ್ಟೆಂಬರ್ 22ರಿಂದ ಡ್ರಿಪ್ ಸಾಮಾನಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿತ್ತು, ಅದೂ ಕೂಡಿ ಬಂತು. ಲ್ಯಾಪ್‌ಟಾಪಿಗೆ ಶೇ. 18 ಹಾಗೇ ಇದೆ, ಅದು ಇಳಿದಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಎಲ್ಲಾ ಸರಿ ಆಯ್ತು ಅಂತ ಹೇಳಲ್ಲ. ಹಳೇ ಸ್ಟಾಕು ಪೆಟ್ಟಿಗೆಯಲ್ಲೇ ತುಂಬಾ ದಿನ ಕೂತಿದ್ದಕ್ಕೋ ಏನೋ, ಬ್ಯಾಟರಿ ನಾಲ್ಕು ಗಂಟೆ ಬರುತ್ತೆ ಅಷ್ಟೇ. ಮಗಳು ದಿನಾ ಚಾರ್ಜರ್ ಹೊರಬೇಕು. ಇನ್ನೊಂದು, ಮನೆಗೆ ಬಂದು ಸೀರಿಯಲ್ ನಂಬರ್ ಹಾಕಿ ನೋಡಿದ್ರೆ ವಾರಂಟಿ ಆಗಲೇ ಐದು ತಿಂಗಳು ಕಳೆದಿತ್ತು, ಸರಕು ಅಂಗಡಿಗೆ ಬಂದ ದಿನದಿಂದ ಎಣಿಸಿದ್ರು. ಬಿಲ್ಲಿನ ಫೋಟೋ ಕಳಿಸಿದ ಮೇಲೆ ಸರಿ ಮಾಡಿದ್ರು. ಬಿಲ್ ತಗೊಳ್ಳದೇ ಇದ್ದಿದ್ರೆ ಆ ಐದು ತಿಂಗಳು ಹೋಗ್ತಿತ್ತು.

ಹೋಗೋರು ಇಷ್ಟು ಕೇಳಿ:
- ಎಂ.ಆರ್.ಪಿ. ಬಿಡಿ, ಕೆಲವು ತಿಂಗಳ ಹಿಂದೆ ಎಷ್ಟಕ್ಕೆ ಮಾರ್ತಿದ್ರು?
- ಪ್ರೊಸೆಸರ್ ಪೂರ್ತಿ ಹೆಸರು, ಅಂಕಿ ಏನು? ಬರೀ "ಐ5" ಅಂದ್ರೆ ಸಾಲದು.
- ವಿಂಡೋಸ್ 11 ಹಾಕೇ ಕೊಡ್ತಾರಾ?
- ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ?
- ಪೆಟ್ಟಿಗೆ ಮೇಲೆ ತಯಾರಾದ ತಿಂಗಳು, ವರ್ಷ ಏನಿದೆ? ವಾರಂಟಿ ಯಾವಾಗಿನಿಂದ?

ಇಷ್ಟು ವರ್ಷ ನಾನು ಹಳೇದು ಅಂದ್ರೆ ಉಳಿತಾಯ, ಹೊಸದು ಅಂದ್ರೆ ದುಂದು ಅನ್ಕೊಂಡಿದ್ದೆ. ವಿ-1 ನೆಟ್ಟ ಮೇಲೆ ಅದನ್ನೇ ತಿರುಗಿಸಿ ಹೊಸದೇ ಸರಿ ಅನ್ಕೊಂಡೆ. ಎರಡೂ ತಪ್ಪು. ಜಾಸ್ತಿ ಕೊಡೋ ದುಡ್ಡು ನಮ್ಮ ಕೆಲಸದಲ್ಲಿ ವಾಪಸ್ ಬರುತ್ತಾ ಅನ್ನೋದೊಂದೇ ಲೆಕ್ಕ. ವಿ-1ನಲ್ಲಿ ಬಂತು. ಆ 16 ಸಾವಿರದಲ್ಲಿ 2,500 ಬಿಟ್ಟರೆ ಉಳಿದಿದ್ದು ವಾಪಸ್ ಬರ್ತಿರಲಿಲ್ಲ.

ಸಾಲಿನ ಕೊನೆ ಗಿಡಗಳು ಈಗ ಚಿಗುರಿವೆ. ಮುಂದಿನ ಬೆಳೆಗೆ ಚಾಕಿ ಹೇಳಿದ್ದೀನಿ. ನಿಮ್ಮ ಮನೇಲೂ ಯಾರಾದ್ರೂ ತಗೊಂಡಿದ್ರೆ ಬ್ಯಾಟರಿ ಹೇಗೆ ಬರ್ತಿದೆ ತಿಳಿಸಿ, ಇನ್ನೊಬ್ಬರಿಗೆ ಉಪಯೋಗ ಆಗುತ್ತೆ.