ಬೆಲ್ಕೂರಿನ ಬೀದಿ, ತಿಪಾಸಾದ ಬಿಸಿಲು

ಆಲ್ಜೀರ್ಸ್ ಸಮುದ್ರದ ಕಡೆಯಿಂದ ನೋಡಬೇಕಾದ ನಗರ. ಮೆಡಿಟರೇನಿಯನ್ನಿನ ನೀಲಿಯ ಅಂಚಿನಿಂದ ಬಿಳಿಯ ಮನೆಗಳು ಮೆಟ್ಟಿಲುಮೆಟ್ಟಿಲಾಗಿ ಗುಡ್ಡವನ್ನೇರಿ ನಿಂತ ಆ ನೋಟವನ್ನು ಹೊಗಳದ ಪ್ರವಾಸಿಗನಿಲ್ಲ. ಆದರೆ ಬೆಲ್ಕೂರನ್ನು ನೋಡಲೆಂದೇ ಹೋಗುವವರು ವಿರಳ. ಫ್ರೆಂಚರು 1832ರಲ್ಲಿ ಆರಂಭಿಸಿದ ಹಾಮ್ಮಾದ ಸಸ್ಯೋದ್ಯಾನಕ್ಕೆ ಹೋದವರು ಅದರ ಮಹಾವೃಕ್ಷಗಳ ನೆರಳನ್ನು ಮೆಚ್ಚಿ ಹಿಂದಿರುಗುತ್ತಾರೆ. ಅದರ ನೆರೆಯಲ್ಲೇ ಹಬ್ಬಿರುವ, ಕೂಲಿಕಾರರೂ ಕುಶಲಕರ್ಮಿಗಳೂ ನೆಲಸಿ ಬೆಳೆಸಿದ ಈ ಬಡಾವಣೆಯಲ್ಲಿ ಕಣ್ಸೆಳೆಯುವಂಥ ಗೋಪುರವಾಗಲಿ ಅರಮನೆಯಾಗಲಿ ಇಲ್ಲ.

ಬಡಾವಣೆಯ ನಡುವೆ ಹಾಯ್ದುಹೋಗುವ ಹಿರಿಯ ಬೀದಿಗೆ ಫ್ರೆಂಚರ ಆಳ್ವಿಕೆಯಲ್ಲಿ ಲಿಯೋನ್ ಬೀದಿಯೆಂದು ಹೆಸರಿತ್ತು. ಅದರ 93ನೆಯ ನಂಬರಿನ ಕಟ್ಟಡದ ಮಹಡಿಯಲ್ಲಿ ಮೂರು ಕೋಣೆಗಳ ಒಂದು ಮನೆ; ವಿದ್ಯುದ್ದೀಪವಿಲ್ಲ, ನಲ್ಲಿಯಿಲ್ಲ. ಇಷ್ಟರೊಳಗೆ ಚಾವಟಿ ಹಿಡಿದು ಮನೆಯಾಳುತ್ತಿದ್ದ ಅಜ್ಜಿ, ಪೀಪಾಯಿ ಮಾಡುವ ಕಸುಬಿನ ಸೋದರಮಾವ, ವಿಧವೆಯಾಗಿ ತವರಿಗೆ ಬಂದ ಕ್ಯಾಥರೀನ್, ಆಕೆಯ ಇಬ್ಬರು ಗಂಡುಮಕ್ಕಳು. ಮಾರ್ನ್ ಕದನದಲ್ಲಿ ಗಾಯಗೊಂಡ ಗಂಡ 1914ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಕಿರಿಯ ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಮಗುವೇ ಆಲ್ಬೆರ್ ಕಮೂ. 1957ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕ ಪಡೆದವನು, ‘ಅಸಂಗತ’ವೆಂಬ ಮಾತಿಗೆ ಈ ಶತಮಾನದವರೂ ಮರೆಯಲಾರದಂಥ ಅರ್ಥ ತುಂಬಿದವನು.

ತಾಯಿಗೆ ಕಿವಿ ಮಂದ, ಮಾತು ಅತಿ ಕಡಿಮೆ, ಓದುಬರಹವಂತೂ ಇಲ್ಲ. ಪ್ರತಿದಿನವೂ ಅನ್ಯರ ಮನೆಗಳಿಗೆ ಹೋಗಿ ಕಸಮುಸುರೆ ಮಾಡಿ ಬರುವುದು ಆಕೆಯ ಬಾಳು. ಇಂದು ತೊಳೆದ ನೆಲ ನಾಳೆ ಕೊಳೆಯಾಗುತ್ತದೆ. ನಾಳೆ ತೊಳೆದದ್ದು ನಾಡಿದ್ದು. ಸಂಜೆ ಹಿಂದಿರುಗಿದ ಮೇಲೆ ಬೀದಿಯ ಕಡೆಗೆ ಕುರ್ಚಿ ಹಾಕಿಕೊಂಡು ಕತ್ತಲಾಗುವವರೆಗೂ ಹೋಗಿಬರುವ ಜನರನ್ನು, ಟ್ರಾಮುಗಳನ್ನು ಸುಮ್ಮನೆ ನೋಡುತ್ತ ಕುಳಿತಿರುವಳು. ಏನನ್ನು ಯೋಚಿಸುತ್ತಿದ್ದಳೋ! ಮಗ ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡುತ್ತಿದ್ದ. 1937ರಲ್ಲಿ ಅಚ್ಚಾದ ಅವನ ಮೊದಲ ಪುಸ್ತಕದಲ್ಲಿಯೇ ಈ ಮೌನದ ಚಿತ್ರ ಬರುತ್ತದೆ. ಅವನ ಪ್ರಸಿದ್ಧ ಕಾದಂಬರಿಯ ನಾಯಕನೂ ಒಂದು ಭಾನುವಾರವೆಲ್ಲ ಬೀದಿ ನೋಡುತ್ತಲೇ ಕಳೆಯುತ್ತಾನೆ. ವಿಮರ್ಶಕರು ಅದರಲ್ಲಿ ಜರ್ಮನಿಯ ತತ್ತ್ವಜ್ಞರನ್ನು ಹುಡುಕುವುದುಂಟು. ಲಿಯೋನ್ ಬೀದಿಯ ಕುರ್ಚಿಯನ್ನು ಮೊದಲು ನೋಡಿದ್ದರೆ ಅರ್ಧ ಶ್ರಮ ಉಳಿಯುತ್ತಿತ್ತು.

ಲೂಯಿ ಜೆರ್ಮೇನ್ ಎಂಬ ಶಾಲಾ ಮಾಸ್ತರರು ಅಜ್ಜಿಯ ಮನವೊಲಿಸಿ ಹುಡುಗನನ್ನು ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರಿಸದೆ ಹೋಗಿದ್ದರೆ ಅವನೂ ಹದಿಮೂರರ ಹೊತ್ತಿಗೆ ಯಾವುದೋ ಅಂಗಡಿ ಸೇರುತ್ತಿದ್ದ. ನೊಬೆಲ್ ಬಂದಾಗ ತಾಯಿಯ ನಂತರ ಅವನು ನೆನೆದದ್ದು ಈ ಮಾಸ್ತರರನ್ನೇ. ಕಾಲ್ಚೆಂಡಿನಾಟದಲ್ಲಿ ಗೋಲು ಕಾಯುತ್ತಿದ್ದ ಹುಡುಗನಿಗೆ ಹದಿನೇಳರ ವಯಸ್ಸಿನಲ್ಲಿ ಕ್ಷಯ ತಗಲಿತು. ಸಾವು ಬಾಗಿಲಲ್ಲಿ, ಹೊರಗೆ ಅಂಥ ಬಿಸಿಲು!

ಅವನು 1941ರಲ್ಲಿ ಬರೆದು ಮುಗಿಸಿ ಮರುವರ್ಷ ಪ್ರಕಟಿಸಿದ ಪ್ರಬಂಧಕ್ಕೆ ಗ್ರೀಕ್ ಪುರಾಣದ ಸಿಸಿಫಸ್ ನಾಯಕ. ಅವನು ಕೊರಿಂಥದ ದೊರೆ; ದೇವತೆಗಳನ್ನು ವಂಚಿಸಿದ್ದಕ್ಕೆ ಬಂಡೆಯೊಂದನ್ನು ಬೆಟ್ಟದ ತುದಿಗೆ ಉರುಳಿಸುತ್ತಲೇ ಇರಬೇಕೆಂದು ಶಾಪಗ್ರಸ್ತ. ತುದಿ ಮುಟ್ಟಿದ ಬಂಡೆ ಮತ್ತೆ ಕೆಳಗೆ. ಮನುಷ್ಯ ಅರ್ಥಕ್ಕಾಗಿ ಕೂಗಿಡುತ್ತಾನೆ, ಜಗತ್ತು ಉತ್ತರ ಕೊಡುವುದಿಲ್ಲ. ಇವೆರಡರ ನಡುವಣ ಬಿರುಕೇ ಅಸಂಗತವೆಂಬುದು ಕಮೂವಿನ ವಾದ. ಹಾಗಾದರೆ ಬದುಕು ಬೇಡವೆ? ಬೇಕು ಎನ್ನುತ್ತಾನೆ. ಸುಳ್ಳು ಭರವಸೆಗೆ ಜೋತುಬೀಳದೆ, ಕೆಳಗಿಳಿಯುವಾಗ ತನ್ನ ಗತಿಯನ್ನು ಕಣ್ತೆರೆದು ನೋಡಬಲ್ಲವನಿಗೆ ಬಂಡೆ ಶಿಕ್ಷೆಯಾಗಿ ಉಳಿಯದು. ಅದು ಅವನದೇ ಸ್ವತ್ತಾಗುತ್ತದೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸಿನ ಸಾಲಿನಲ್ಲಿ ನಿಲ್ಲುವ ಗುಮಾಸ್ತನಿಗೆ ಈ ಬೆಟ್ಟದ ದಾರಿ ಹೊಸದೇನಲ್ಲ.

ನಮ್ಮ ನೆರೆಯ ಕೇರಳದವರಿಗೆ ಈ ಕಥೆ ಕೇಳಿ ನಗು ಬಂದೀತು. ಅಲ್ಲಿ ಪಟ್ಟಾಂಬಿಯ ಬಳಿಯ ರಾಯಿರನೆಲ್ಲೂರು ಗುಡ್ಡದಲ್ಲಿ ನಾರಾಣತ್ತು ಭ್ರಾಂತನೆಂಬ ಹುಚ್ಚ ಜ್ಞಾನಿ ತಾನಾಗಿಯೇ ಬಂಡೆ ಉರುಳಿಸಿ ಮೇಲೇರಿಸಿ, ಅದನ್ನು ಕೆಳಕ್ಕೆ ತಳ್ಳಿ, ಕೈತಟ್ಟಿ ನಗುತ್ತಿದ್ದನೆಂದು ಐತಿಹ್ಯ. ತುಲಾಮಾಸದ ಮೊದಲ ದಿನ ಜನ ಇಂದಿಗೂ ಆ ಗುಡ್ಡ ಹತ್ತುತ್ತಾರೆ. ಆದರೆ ಇವನಿಗೆ ಶಾಪವಿರಲಿಲ್ಲ, ಬೇಡವೆನಿಸಿದಾಗ ಬಿಟ್ಟುಬಿಡಬಹುದಿತ್ತು. ಈ ಭೇದ ಅಲ್ಪವಲ್ಲ.

ಬೆಲ್ಕೂರಿನ ತಾಯಿಗೂ ಬಿಡುವ ಸ್ವಾತಂತ್ರ್ಯವಿರಲಿಲ್ಲ. ಸಿಸಿಫಸನ ನೆಮ್ಮದಿಯನ್ನು ಅಷ್ಟು ಸೊಗಸಾಗಿ ಊಹಿಸಿದ ಮಗ, ನೆಲ ತೊಳೆಯುವವಳ ನೆಮ್ಮದಿಯನ್ನು ಅದೇ ಧೈರ್ಯದಿಂದ ಊಹಿಸಬಲ್ಲವನಾಗಿದ್ದನೆ? ಪ್ರಬಂಧ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಅದಕ್ಕೆ ಅವನು ಹಿಂದಿರುಗಿದ್ದು ಕೊನೆಯಲ್ಲಿ. 1960ರ ಜನವರಿ 4ರಂದು ಫ್ರಾನ್ಸಿನ ವಿಲ್‌ಬ್ಲೆವಿನ್ ಬಳಿ ಕಾರು ಮರಕ್ಕೆ ಬಡಿದು ಅವನು ಮಡಿದಾಗ ಜೊತೆಯಲ್ಲಿದ್ದ ಚೀಲದಲ್ಲಿ ಅಪೂರ್ಣ ಹಸ್ತಪ್ರತಿಯೊಂದಿತ್ತು: ತಂದೆಯನ್ನರಸುವ, ತಾಯಿಯ ಕೋಣೆಗೆ ಮರಳುವ ಕಥೆ. ಅದನ್ನು ಓದಲಾರದ ತಾಯಿಗೇ ಅದರ ಅರ್ಪಣೆ. ಅದು ಅಚ್ಚಾದದ್ದು 1994ರಲ್ಲಿ. ಮಗ ಹೋದ ವರ್ಷವೇ ಸೆಪ್ಟೆಂಬರಿನಲ್ಲಿ ತಾಯಿಯೂ ಆಲ್ಜೀರ್ಸಿನಲ್ಲಿ ತೀರಿಕೊಂಡಳು.

ಬೀದಿಯ ಹೆಸರು ಈಗ ಬೇರೆ. ಆಲ್ಜೀರಿಯಾ 1962ರಲ್ಲಿ ಸ್ವತಂತ್ರವಾದ ಮೇಲೆ ಬೀದಿಯೂ ಬಡಾವಣೆಯೂ ಮೊಹಮ್ಮದ್ ಬೆಲೂಯಿಜ್ದಾದನ ಹೆಸರನ್ನು ಧರಿಸಿವೆ. ಅವನೂ ಅದೇ ಬೆಲ್ಕೂರಿನ ಹುಡುಗ. 1924ರಲ್ಲಿ ಹುಟ್ಟಿ, ವಿಮೋಚನೆಗಾಗಿ ಗುಪ್ತ ಸಶಸ್ತ್ರ ಸಂಘಟನೆಯನ್ನು ಮೊದಲು ಮುನ್ನಡೆಸಿ, 1952ರಲ್ಲಿ ಕ್ಷಯದಿಂದಲೇ ತೀರಿಕೊಂಡವನು. ಒಂದೇ ಬಡಾವಣೆ, ಒಂದೇ ರೋಗ. ಆದರೆ ಕಮೂವಿನ ಕಾದಂಬರಿಯಲ್ಲಿ ಗುಂಡೇಟಿಗೆ ಬೀಳುವ ಅರಬನಿಗೆ ಹೆಸರೇ ಇಲ್ಲ. ಬೀದಿಯ ಫಲಕ ಅದಕ್ಕೆ ಕೊಟ್ಟ ಉತ್ತರವೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ಆಲ್ಜೀರ್ಸಿನಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರು ಹೋದರೆ ತಿಪಾಸಾ. ಕಡಲಂಚಿನಲ್ಲಿ ರೋಮನರ ಹಾಳುನಗರ. ರಂಗಮಂದಿರ, ಚೌಕ, ಪುರಾತನ ಇಗರ್ಜಿಯ ಕಂಬಗಳು, ಅವುಗಳ ಸಂದಿಯಲ್ಲಿ ಕಟುಗಂಧ ಸೂಸುವ ಮಾಚಿಪತ್ರೆಯ ಜಾತಿಯ ಪೊದೆ. ಆಚೆ ಶೆನೂವಾ ಪರ್ವತ ಕಡಲಿಗೆ ಬಾಗಿದೆ. ಇಪ್ಪತ್ತರ ಹರೆಯದಲ್ಲಿ ಕಮೂ ಇಲ್ಲಿ ಈಜಿ, ಬಿಸಿಲು ಕಾಸಿ, ಬದುಕಿಗೆ ಬೇರೆ ಸಮರ್ಥನೆ ಬೇಡವೆಂದುಕೊಂಡ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಂದು ನೋಡಿದರೆ ಸುತ್ತ ಮುಳ್ಳುತಂತಿ, ಕಾವಲುಗಾರರು! ಮತ್ತೆ 1952ರ ಡಿಸೆಂಬರಿನಲ್ಲಿ, ಮಳೆ ಬಿಟ್ಟ ಒಂದು ದಿನ ಬಂದಾಗ ಮಾತ್ರ ಹಳೆಯ ಬೆಳಕು ಅವನಿಗೆ ಸಿಕ್ಕಿತು.

ಅವನ ಗೆಳೆಯ, ಶಿಲ್ಪಿ ಲೂಯಿ ಬೆನಿಸ್ತಿ 1961ರಲ್ಲಿ ಇಲ್ಲಿ ಕಲ್ಲೊಂದನ್ನು ನಿಲ್ಲಿಸಿ ಅವನದೇ ವಾಕ್ಯವೊಂದನ್ನು ಕೆತ್ತಿದ. ಕಡಲ ಗಾಳಿಗೆ ಅಕ್ಷರಗಳು ಸವೆಯುತ್ತ ಬಂದಿವೆ. ಓದಬೇಕಾದರೆ ಹತ್ತಿರ ಹೋಗಿ ಬಗ್ಗಬೇಕು. ಬಹುಮಂದಿ ಬಗ್ಗುವುದಿಲ್ಲ. ರಜೆಯ ದಿನ ಪಟ್ಟಣದಿಂದ ಬಂದ ಸಂಸಾರಗಳು ಹಾಳುಗೋಡೆಗಳ ನೆರಳಿನಲ್ಲಿ ಬುತ್ತಿ ಬಿಚ್ಚುತ್ತವೆ, ಮಕ್ಕಳು ರೋಮನರ ಕಲ್ಲುಗಳ ಮೇಲೆ ಹತ್ತಿ ಇಳಿದು ಮತ್ತೆ ಹತ್ತುತ್ತಾರೆ, ತಾಯಂದಿರು ಸಮುದ್ರವನ್ನು ನೋಡುತ್ತ ಕೂರುತ್ತಾರೆ.